ದೂರು ಮುಗಿದ ಮೇಲೆ

ಬಾಗಿಲನ್ನು ಕೀಳಿಸಿದ್ದು ಮಗಳು. ಭಾನುವಾರ ಮಧ್ಯಾಹ್ನ, ತಾಯಿ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಬಡಗಿಯನ್ನು ಕರೆತಂದು ತಾಯಿಯ ಕೋಣೆಯ ಬಾಗಿಲನ್ನು ತೆಗೆಸಿದಳು. ತಾಯಿಯನ್ನು ಕೇಳಲಿಲ್ಲ. ಬಡಗಿ ಬಾಗಿಲನ್ನು ನಡುಮನೆಯ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು ಹೋದ.

"ಏನೇ ಅದು ಸದ್ದು?" ಎಂದು ತಾಯಿ ತುತ್ತು ಹಿಡಿದುಕೊಂಡೇ ಕೇಳಿದ್ದಳು.

"ಏನಿಲ್ಲಮ್ಮ. ನೀನು ಊಟ ಮಾಡು. ನಿಧಾನಕ್ಕೆ ಅಗಿ."

ಅವಳು ನಿಧಾನಕ್ಕೇ ಅಗಿದಳು. ಕೈ ತೊಳೆದು, ಗೋಡೆ ಹಿಡಿದುಕೊಂಡು, ಊಟದ ಮೇಲಿನ ನಿದ್ದೆಗೆಂದು ತನ್ನ ಕೋಣೆಯತ್ತ ಬಂದು, ಅಭ್ಯಾಸದಂತೆ ಹಿಡಿಕೆಗೆ ಕೈ ಚಾಚಿದಳು. ಕೈಗೆ ಗಾಳಿ ಸಿಕ್ಕಿತು. ಬಾಗಿಲಿದ್ದ ಕಡೆ ಚೌಕಟ್ಟು ಮಾತ್ರ ಇತ್ತು... ಹಲ್ಲು ಕಿತ್ತ ವಸಡಿನ ಹಾಗೆ. ಮಂಚ, ಮಂಚದ ಮೇಲಿನ ಮಡಿಸದ ಹೊದಿಕೆ, ಒಣಗಲು ಹಾಕಿದ್ದ ಒಳಲಂಗ, ಕಟ್ಟಿಸಿದ ಹಲ್ಲು ನೆನೆಹಾಕುವ ನೀರಿನ ಲೋಟ, ಎಲ್ಲವೂ ನಡುಮನೆಗೆ ಮುಖಮಾಡಿ ನಿಂತಿದ್ದವು.

"ಬಾಗಿಲೆಲ್ಲಿ?"

"ತೆಗೆಸಿದೆ," ಎಂದಳು ಮಗಳು. ಆಸ್ಪತ್ರೆಯಲ್ಲಿ ದೊಡ್ಡ ವಾರ್ಡೊಂದರ ಮುಖ್ಯ ನರ್ಸ್ ಅವಳು. ಯಾರನ್ನು ಯಾವ ಮಗ್ಗುಲಿಗೆ ಮಲಗಿಸಬೇಕು, ಯಾರಿಗೆ ಉಪ್ಪು ನಿಲ್ಲಿಸಬೇಕು ಎಂದು ದಿನವಿಡೀ ಹೇಳಿ ಹೇಳಿ, ತವರಿಗೆ ಬಂದಾಗಲೂ ಅದೇ ದನಿ. "ಮೊನ್ನೆ ಬಿದ್ದೆಯಲ್ಲ. ಒಳಗಿಂದ ಚಿಲಕ. ತಮ್ಮ ಬಂದು ಭುಜ ಕೊಟ್ಟು ಒಡೆಯೋ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು."

"ಚಿಲಕ ತೆಗೆಸಿದ್ರೆ ಸಾಕಿತ್ತಲ್ಲ."

"ಚಿಲಕ ಇಲ್ಲದಿದ್ರೆ ಕುರ್ಚಿ ಅಡ್ಡ ಇಡ್ತೀಯ. ನಿನ್ನ ನಾನು ನೋಡಿಲ್ವಾ?"

ಅದು ನಿಜವಾಗಿತ್ತು. "ಬಾಗಿಲ ಹಿಂದೆ ಬಿದ್ದು ಹಾಗೇ ಹೋಗಿಬಿಟ್ಟೋರನ್ನ ಎಷ್ಟು ಜನರನ್ನ ನೋಡಿದೀನಿ ಗೊತ್ತೇನಮ್ಮ... ನಿನ್ನನ್ನೂ ಹಾಗೆ ನೋಡಬೇಕಾ ನಾನು?" ಎಂದು ಮಗಳು ಬೇರೆ ಕಡೆ ತಿರುಗಿಕೊಂಡಳು. ಇಷ್ಟು ಪ್ರೀತಿಯ ಎದುರು ಯಾರು ತಾನೇ ಜಗಳಕ್ಕೆ ನಿಲ್ಲುತ್ತಾರೆ? ವಯಸ್ಸಾದವರಿಂದ ಏನನ್ನು ಕಿತ್ತುಕೊಳ್ಳುವಾಗಲೂ ಲೋಕ ಮೊದಲು ಕಣ್ಣಲ್ಲಿ ನೀರು ತಂದುಕೊಳ್ಳುತ್ತದೆ. ಉಪ್ಪನ್ನು ಕಿತ್ತುಕೊಂಡದ್ದು ಹಾಗೆಯೇ, ಒಬ್ಬಳೇ ರಸ್ತೆ ದಾಟುವುದನ್ನು ಕಿತ್ತುಕೊಂಡದ್ದು ಹಾಗೆಯೇ. ಈಗ ಬಾಗಿಲು.

ಬೀದಿಯವರೆಲ್ಲ ತಾಯಿಯನ್ನು ಎಕ್ಸ್‌ಚೇಂಜಮ್ಮ ಎಂದು ಕರೆಯುತ್ತಿದ್ದರು. ದೂರವಾಣಿ ಎಕ್ಸ್‌ಚೇಂಜಿನಲ್ಲಿ ಎತ್ತರದ ಹಲಗೆಯ ಮುಂದೆ ಸಾಲಾಗಿ ಕುಳಿತು, ತಂತಿಯ ತುದಿಯನ್ನು ತೂತಿಗೆ ಸಿಕ್ಕಿಸಿ, ಒಬ್ಬರ ದನಿಯನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಹೆಂಗಸರು ಒಂದು ಕಾಲದಲ್ಲಿ ಇದ್ದರು. ತಲೆಗೂದಲು ಹಣ್ಣಾಗುವವರೆಗೆ ಅವಳು ಅದನ್ನೇ ಮಾಡಿದಳು. ಆ ಕೆಲಸಕ್ಕೊಂದು ಕಟ್ಟಳೆಯಿತ್ತು. ಲೈನ್ ಜೋಡಿಸಿ "ಮಾತಾಡಿ" ಎಂದು ಹೇಳಿದ ಮೇಲೆ ಕಿವಿ ತೆಗೆದುಬಿಡಬೇಕು. ಮಾತು ಮುಗಿದಾಗ ಹಲಗೆಯ ಮೇಲೆ ಪುಟ್ಟ ದೀಪ ಹತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಆ ತಂತಿಯೊಳಗೆ ಏನು ಹರಿದರೂ, ಸಾವೋ ಮದುವೆಯೋ ಮೋಸವೋ, ಅದು ಆ ಇಬ್ಬರದು. ಪಕ್ಕದ ಕುರ್ಚಿಯವಳೊಬ್ಬಳು ಕದ್ದು ಕೇಳಿ ಕಿಸಿಕಿಸಿ ನಗುತ್ತಿದ್ದಳು. ಎಕ್ಸ್‌ಚೇಂಜಮ್ಮ ಅವಳ ಜೊತೆ ಟೀ ಕುಡಿಯುವುದನ್ನೇ ಬಿಟ್ಟಿದ್ದಳು.

ಆ ಕೆಲಸ ಮುಗಿದ ಮೇಲೆ ಅವಳಿಗೆ ಉಳಿದದ್ದು ಒಂದೇ ಲೈನು. ಬೆಳಿಗ್ಗೆ ಟೀ ಕುಡಿದು, ಮಗ ಬಸ್ಸು ಓಡಿಸಲು ಡಿಪೋಗೆ ಹೋದ ಮೇಲೆ, ಕೋಣೆ ಸೇರಿ, ಬಾಗಿಲು ಹಾಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಕಿಟಕಿಯಾಚೆ ನೋಡುತ್ತಾ ಅವಳು ಕೇಳುತ್ತಿದ್ದಳು: "ಇದ್ದೀಯಾ?"

ದೇವರು ಇದ್ದಾನೆಂದೂ ಇಲ್ಲವೆಂದೂ ಲೋಕ ತಲೆ ಒಡೆದುಕೊಳ್ಳಲಿ. ಎಕ್ಸ್‌ಚೇಂಜಮ್ಮನ ಪಾಲಿಗೆ ಅವನು ಆ ಕಡೆ ಫೋನೆತ್ತಿ ಸುಮ್ಮನೆ ಕೇಳಿಸಿಕೊಳ್ಳುವ ದೊಡ್ಡ ಮನುಷ್ಯ. ಅವನ ಮುಂದೆ ಅವಳು ಕೈಮುಗಿಯುತ್ತಿರಲಿಲ್ಲ, ಕೈ ತಿರುವಿ ತಿರುವಿ ಮಾತಾಡುತ್ತಿದ್ದಳು. ಮೊದಲು ದೂರು, ಆಮೇಲೆ ಉಪಕಾರ. ಈ ಕ್ರಮ ಅವಳೇ ಮಾಡಿಕೊಂಡದ್ದು. ಹೊಟ್ಟೆಯಲ್ಲಿರುವುದನ್ನು ಖಾಲಿ ಮಾಡದೆ ಉಪಕಾರ ನೆನೆದರೆ ಅದು ನಾಟಕವಾಗುತ್ತದೆ ಎಂದು ಅವಳ ನಂಬಿಕೆ. "ಮಂಡಿ ಮಾಡುವಾಗ ನಿನ್ನ ಮನಸ್ಸು ಎಲ್ಲಿತ್ತು? ಕಣ್ಣು ಪರವಾಗಿಲ್ಲ, ಮೂಗೂ ಸರಿ, ಮಂಡಿ ಮಾತ್ರ ಯಾರಿಗೋ ಗುತ್ತಿಗೆ ಕೊಟ್ಟಂಗಿದೆ." "ನನಗೆ ಕಿವಿ ಚೆನ್ನಾಗಿ ಕೇಳುತ್ತೆ, ಆದ್ರೂ ಎಲ್ಲರೂ ನನ್ನ ಹತ್ರ ಕೂಗಿ ಮಾತಾಡ್ತಾರೆ." "ಡಬ್ಬಿ ಮುಚ್ಚಳಗಳನ್ನ ಈಚೆಗೆ ಪೈಲ್ವಾನರು ಮುಚ್ತಾರಾ?" ಹೀಗೆ ಸಾಗಿ, ಮಗ, ಸೊಸೆ, ಮಗಳು, ಬೀದಿಯ ನಲ್ಲಿ, ಯಾರನ್ನೂ ಬಿಡದೆ ಬಡಿದು ಹಾಕಿ, ಕೊನೆಗೆ ದೀರ್ಘವಾದ ಉಸಿರೊಂದನ್ನು ಬಿಡುತ್ತಿದ್ದಳು. ಆಮೇಲೆ ದನಿ ಇಳಿಯುತ್ತಿತ್ತು. ಮಂಚದ ಮೇಲೆ ಬೀಳುವ ಬಿಸಿಲು, ಟೀಯಲ್ಲಿ ಅದ್ದಿದ ಬಿಸ್ಕತ್ತು ಮುರಿದು ಬೀಳುವ ಮೊದಲೇ ಬಾಯಿಗೆ ಸೇರಿದ್ದು, ನಿದ್ದೆ ಬಂದದ್ದು, ಸತ್ತ ಗಂಡ ಕನಸಿನಲ್ಲಿ ಬಂದು ಏನೂ ಹೇಳದೆ ಪಕ್ಕದಲ್ಲಿ ಕೂತು ಹೋದದ್ದು... ಒಂದೊಂದನ್ನೇ ಹೆಸರು ಹಿಡಿದು ಹೇಳಿ, ಬಾಗಿಲು ತೆಗೆದು ಹೊರಬರುವಾಗ ಅವಳ ಮುಖ ತೊಳೆದಿಟ್ಟ ಪಾತ್ರೆಯಂತಿರುತ್ತಿತ್ತು. ದಿನದ ಉಳಿದ ಹೊತ್ತು ಅವಳ ಬಾಯಿಂದ ಒಂದು ಗೊಣಗಾಟವೂ ಬರುತ್ತಿರಲಿಲ್ಲ. "ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು" ಎಂದು ಸೊಸೆ ಬೀದಿಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಬಿದ್ದ ಕಥೆಯೂ ಅಷ್ಟೇನು ಘೋರವಾದದ್ದಲ್ಲ. ಕಪಾಟಿನ ನೆತ್ತಿಯ ಮೇಲೆ ಮಗಳಿಗೆ ಗೊತ್ತಿಲ್ಲದ ಹಾಗೆ ಸಕ್ಕರೆ ಬಿಸ್ಕತ್ತಿನ ಡಬ್ಬಿ ಇತ್ತು. ಅದಕ್ಕೆ ಕೈ ಚಾಚಲು ಹೋಗಿ ಸ್ಟೂಲು ವಾಲಿತು. ಮೂಳೆ ಮುರಿಯಲಿಲ್ಲ, ಏಳಲು ಮಾತ್ರ ಆಗಲಿಲ್ಲ. ನೆಲದ ಮೇಲೆ ಮಲಗಿಕೊಂಡೇ ಅವಳು, "ಮಂಚದ ಕೆಳಗೆ ಎಷ್ಟು ಧೂಳಿದೆ ಅಂತ ತೋರಿಸೋಕೆ ಇಷ್ಟೆಲ್ಲ ಮಾಡಬೇಕಿತ್ತಾ?" ಎಂದು ದೇವರಿಗೆ ದೂರು ಹೇಳುತ್ತಿದ್ದಾಗಲೇ ಬಾಗಿಲು ಒಡೆದುಕೊಂಡು ಎಲ್ಲರೂ ಒಳಗೆ ನುಗ್ಗಿದ್ದು. ಬಿಸ್ಕತ್ತಿನ ಸಂಗತಿಯನ್ನು ಅವಳು ಹೇಳಲಿಲ್ಲ. ಹೇಳಿದ್ದರೆ ಡಬ್ಬಿ ಮಾತ್ರ ಹೋಗುತ್ತಿತ್ತು, ಬಾಗಿಲು ಉಳಿಯುತ್ತಿತ್ತೇನೋ ಎಂದು ಆಮೇಲೆ ಅನ್ನಿಸಿತು.

ಗೋಡೆಗೆ ಒರಗಿಸಿದ್ದ ಬಾಗಿಲು ಹೆಚ್ಚು ದಿನ ಸುಮ್ಮನೆ ನಿಲ್ಲಲಿಲ್ಲ. ಸೊಸೆ ಮನೆಯಲ್ಲೇ ಹೊಲಿಗೆ ಮಾಡುವವಳು. ಮಗಳು ತನ್ನ ಆಸ್ಪತ್ರೆಯಿಂದ ಅವಳಿಗೆ ಕೆಲಸ ಕೊಡಿಸಿದ್ದಳು: ವಾರ್ಡಿನಲ್ಲಿ ರೋಗಿಗಳ ಮಂಚದ ಸುತ್ತ ಎಳೆಯುವ ಪರದೆಗಳು. ಉದ್ದುದ್ದ ಹಸಿರು ಬಟ್ಟೆಯನ್ನು ನೆಲದ ಮೇಲೆ ಹಾಸಿ, ಬಗ್ಗಿ, ತೆವಳಿ, ಕತ್ತರಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಗಂಡ ಒಂದು ಸಂಜೆ ಡಿಪೋದಿಂದ ಬಂದವನೇ ಬಾಗಿಲನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿಸಿ, "ತಗೋ, ರಾಣಿ ಮೇಜು" ಎಂದ. ಸೊಸೆ ಅಂಗೈಯಿಂದ ಮರವನ್ನು ಸವರಿದಳು. ಬೆನ್ನು ನೆಟ್ಟಗೆ ಮಾಡಿ ನಿಂತು ಬಟ್ಟೆ ಕತ್ತರಿಸಿದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಹಿಡಿಕೆ ಇದ್ದ ತೂತಿಗೆ ಕತ್ತರಿ ಸರಿಯಾಗಿ ಕೂರುತ್ತಿತ್ತು. ಎಕ್ಸ್‌ಚೇಂಜಮ್ಮ ಮಂಚದ ಮೇಲೆ ಕುಳಿತು ಇದನ್ನೆಲ್ಲ ನೋಡಿದಳು. ತನ್ನ ಬಾಗಿಲಿನ ಮೇಲೆ ಯಾರದೋ ಖಾಸಗಿತನಕ್ಕೆಂದು ಪರದೆ ತಯಾರಾಗುತ್ತಿತ್ತು. ಸೊಸೆಯ ಮುಖದ ಮೇಲಿನ ಸಂತೋಷವನ್ನು ನೋಡಿ, ಬಾಗಿಲು ವಾಪಸು ಕೊಡಿ ಎನ್ನಲು ಹೊರಟವಳು ಹೊದಿಕೆ ಮಡಿಸತೊಡಗಿದಳು.

ಬಾಗಿಲಿಲ್ಲದ ಕೋಣೆಯಲ್ಲಿ ಅವಳು ಕಲಿತದ್ದು ಬಹಳ. ನಡುಮನೆಯ ಕಡೆ ಬೆನ್ನು ಹಾಕಿ ಸೀರೆ ಬದಲಿಸುವುದನ್ನು ಕಲಿತಳು. ಹಲ್ಲಿನ ಲೋಟಕ್ಕೆ ಕರವಸ್ತ್ರ ಮುಚ್ಚುವುದನ್ನು ಕಲಿತಳು. ಹೊಲಿಗೆಗೆ ಅಳತೆ ಕೊಡಲು ಬಂದ ಹೆಂಗಸರು, "ಏನಮ್ಮಾ, ಮಲಗಿದೀರಾ? ಎದ್ದಿದೀರಾ?" ಎಂದು ಕೂಗುವಾಗ ನಗುವುದನ್ನೂ ಕಲಿತಳು. ಕಲಿಯಲಾಗದ್ದು ಒಂದೇ. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು "ಇದ್ದೀಯಾ?" ಎಂದು ಪಿಸುಗುಟ್ಟಿದರೆ, ಹಿಂದೆಯೇ ಸೊಸೆಯ ದನಿ: "ಇದೀನಿ ಅತ್ತೆ, ಏನು ಬೇಕು?"

"ಏನಿಲ್ಲಮ್ಮ."

ಒಳಗೊಳಗೇ ಹೇಳಿ ನೋಡಿದಳು. ಆಗಲಿಲ್ಲ. ಇಡೀ ಬದುಕು ದನಿಯ ಕೆಲಸ ಮಾಡಿದವಳಿಗೆ, ತುಟಿ ದಾಟದ ಮಾತು ಯಾರಿಗೂ ಮುಟ್ಟಿದಂತೆ ಅನ್ನಿಸುತ್ತಿರಲಿಲ್ಲ. ಹೇಳದ ದೂರುಗಳು ದಿನದಿನಕ್ಕೂ ಒಳಗೇ ಉಳಿದು, ಮುಚ್ಚಿಟ್ಟ ಹಾಲಿನಂತೆ ಹುಳಿಯತೊಡಗಿದವು.

ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಬೀದಿ ಬಾಗಿಲು ತೆಗೆದು ಮುಚ್ಚಿದ ಸದ್ದು ಕೇಳಿತ್ತು. ಸೊಸೆ ಪೇಟೆಗೆ ಹೋದಳೆಂದುಕೊಂಡ ಎಕ್ಸ್‌ಚೇಂಜಮ್ಮನಿಗೆ ಎದೆ ಹಗುರಾಯಿತು. "ಇದ್ದೀಯಾ?" ಎಂದವಳೇ ಶುರುಮಾಡಿದಳು. ಎಷ್ಟೋ ದಿನಗಳ ಬಾಕಿ! ಮಂಡಿಯನ್ನು ಬೇಗ ಮುಗಿಸಿ ಮನೆಯವರಿಗೆ ಬಂದಳು. "ಸೊಸೆಯ ಕೈಯಡುಗೆ ನೋಡು, ಉಪ್ಪಿಲ್ಲ ಹುಳಿಯಿಲ್ಲ, ಆಸ್ಪತ್ರೆ ಗೋಡೆ ನೆಕ್ಕಿದ ಹಾಗಿರುತ್ತೆ. ನನ್ನ ಲೋಟಾನ ಬೇರೆ ಇಡ್ತಾಳೆ. ನಾನು ಮಡಿಸಿಟ್ಟ ಬಟ್ಟೆನ ನನ್ನ ಕಣ್ಣೆದುರಿಗೇ ಮತ್ತೆ ಮಡಿಸ್ತಾಳೆ, ನನ್ನ ಕೈಯೇನು ಬಿದ್ದುಹೋಗಿದೆಯಾ? ನನ್ನ ಬಾಗಿಲ ಮೇಲೆ ಕತ್ತರಿ ಆಡಿಸ್ತಾಳೆ, ಒಂದು ಸಲ, ಒಂದೇ ಒಂದು ಸಲ, ನಿಮಗೆ ಕಷ್ಟ ಆಗ್ತಿದೆಯಾ ಅತ್ತೆ ಅಂತ ಕೇಳಿದ್ಲಾ..."

ಏನೋ ನೆಲಕ್ಕೆ ಬಿತ್ತು. ತಿರುಗಿ ನೋಡಿದರೆ, ಚೌಕಟ್ಟಿನ ಪಕ್ಕದಲ್ಲಿ, ಬೆಳಕಿಗಾಗಿ ಗೋಡೆಗೊರಗಿ ಕುಳಿತು ಪರದೆಯ ಅಂಚನ್ನು ಕೈಯಲ್ಲಿ ಹೊಲಿಯುತ್ತಿದ್ದ ಸೊಸೆ ಎದ್ದು ನಿಂತಿದ್ದಳು. ಬಿದ್ದದ್ದು ದಾರದ ಉಂಡೆ. ಅದು ಉರುಳುತ್ತಾ ಕೋಣೆಯೊಳಗೆ ಬಂದು ಮಂಚದ ಕೆಳಗೆ ಸೇರಿತು. ಇಬ್ಬರೂ ಅದನ್ನೇ ನೋಡಿದರು.

"ಇಷ್ಟು ವರ್ಷ ಇದನ್ನೆಲ್ಲ ಮನಸ್ಸಲ್ಲಿ ಇಟ್ಕೊಂಡಿದ್ರಾ ಅತ್ತೆ?"

"ಇಟ್ಕೊಂಡಿಲ್ಲಮ್ಮ... ದಿನಾ ದಿನಾ ಖಾಲಿ ಮಾಡ್ತಿದ್ದೆ."

"ನಾನು ಬೀದಿಯೆಲ್ಲ ಹೊಗಳ್ಕೊಂಡು ಬರ್ತಿದ್ದೆ. ನೀವು ಒಳಗೆ ಕೂತು..." ಸೊಸೆ ಕೈಯಲ್ಲಿದ್ದ ಪರದೆಯನ್ನು ಮುದ್ದೆ ಮಾಡಿದಳು. "ಉಪ್ಪು ಹಾಕಬೇಡ ಅಂತ ಹೇಳಿದ್ದು ನಿಮ್ಮ ಮಗಳು. ನನಗೇನು ಉಪ್ಪಿಗೆ ಬರ ಬಂದಿತ್ತಾ?"

"ಗೊತ್ತು ಕಣಮ್ಮ. ನೀನು ಪೂರ್ತಿ ಕೇಳಲಿಲ್ಲ. ಇದು ಬರೀ ಮೊದಲ ಭಾಗ."

"ಇನ್ನೂ ಇದೆಯಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಹೊರಟುಹೋದಳು.

ಅಂದಿನಿಂದ ಎಕ್ಸ್‌ಚೇಂಜಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ದೇವರನ್ನು ಕರೆಯುವುದನ್ನು ಬಿಟ್ಟಳು. ದೂರು ನಿಂತಿತು, ಅದರ ಹಿಂದೆಯೇ ಬರಬೇಕಾದ ಉಪಕಾರವೂ ನಿಂತಿತು. ವಿಚಿತ್ರವೆಂದರೆ ಬಿಸಿಲು ಹಾಗೆಯೇ ಮಂಚದ ಮೇಲೆ ಬೀಳುತ್ತಿತ್ತು, ಬಿಸ್ಕತ್ತು ಅದೇ ಬಿಸ್ಕತ್ತಾಗಿತ್ತು. ಆದರೆ ಹೇಳಿಕೊಳ್ಳಲು ಯಾರೂ ಇಲ್ಲದಾಗ ಸಣ್ಣ ಸಣ್ಣ ಸುಖಗಳು ಬಂದದ್ದೂ ತಿಳಿಯದೆ ಹೋಗಿಬಿಡುತ್ತಿದ್ದವು. ಕನ್ನಡಕ ಹುಡುಕಿ ಹುಡುಕಿ ಅದು ತಲೆಯ ಮೇಲೇ ಸಿಕ್ಕಿದಾಗ, ಮೊದಲಾಗಿದ್ದರೆ "ನೋಡಿದ್ಯಾ ನನ್ನ ಅವಸ್ಥೆ" ಎಂದು ಅವನ ಜೊತೆ ನಗುತ್ತಿದ್ದವಳಿಗೆ ಈಗ ಅಳು ಬಂತು. ಕೊನೆಗೊಂದು ಸಂಜೆ ಊಟದ ಹೊತ್ತಿನಲ್ಲಿ ಅವಳು ತಟ್ಟೆಯನ್ನು ದೂರ ತಳ್ಳಿ, "ಇದನ್ನ ತಿನ್ನೋದಕ್ಕಿಂತ ಉಪವಾಸ ಇರಬಹುದು" ಎಂದುಬಿಟ್ಟಳು. ಮಗನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ಅಂಥ ಮಾತನ್ನು ಅವನು ಕೇಳಿರಲಿಲ್ಲ.

"ಅಮ್ಮಾ, ಹುಷಾರಾಗಿದೀಯಾ?"

"ಹುಷಾರಾಗಿದ್ರೆ ತಾನೇ ಕೋಪ ಬರೋದು," ಎಂದು ಅವಳು ಎದ್ದುಹೋದಳು.

ಸುದ್ದಿ ಮಗಳಿಗೆ ಮುಟ್ಟಿತು. ರಜೆಯ ದಿನ ಬಂದವಳು ತಾಯಿಯ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಡಿ ಹಿಡಿದಳು, ಇವತ್ತು ಯಾವ ವಾರ ಎಂದು ಕೇಳಿದಳು. "ನಿನ್ನ ರಜೆ ದಿನ. ಅದು ಗೊತ್ತಿಲ್ಲದಿದ್ರೂ ನಾಡಿ ಹಿಡಿದಾಗ ಗೊತ್ತಾಗುತ್ತೆ," ಎಂದಳು ತಾಯಿ. ಮಗಳು ನಗಲಿಲ್ಲ. ಅವಳನ್ನು ಮಂಚದ ಮೇಲೆ ಕೂರಿಸಿ, ನಡುಮನೆಗೆ ಬಂದು, ತಮ್ಮನನ್ನೂ ಅವನ ಹೆಂಡತಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿದಳು. ಬಾಗಿಲಿಲ್ಲದ ಕೋಣೆಯಲ್ಲಿ ತಾಯಿಗೆ ಎಲ್ಲವೂ ಕೇಳುತ್ತದೆಂಬುದು ಯಾರಿಗೂ ಹೊಳೆಯಲಿಲ್ಲ.

"ಒಬ್ಬಳೇ ಮಾತಾಡ್ತಾಳಂತೆ, ಸಿಡುಕ್ತಾಳಂತೆ. ಇನ್ನು ಒಂಟಿಯಾಗಿ ಬಿಡೋದು ಬೇಡ. ಮುಂದಿನ ಭಾನುವಾರ ಮಂಚ ತಂದು ಇಲ್ಲಿ ನಡುಮನೇಲಿ ಹಾಕೋಣ, ಎಲ್ಲರ ಕಣ್ಣ ಮುಂದೆ ಇರ್ತಾಳೆ. ಆ ಕೋಣೆ ನಿನ್ನ ಹೊಲಿಗೆಗೆ ಆಗುತ್ತೆ," ಎಂದು ತಮ್ಮನ ಹೆಂಡತಿಗೆ ಹೇಳಿದಳು. "ಇನ್ನೊಂದು ವಾರ್ಡಿನ ಪರದೆಗಳೂ ಬರೋದಿವೆ. ನಿನಗೂ ಜಾಗ ಬೇಕು."

ಸೊಸೆ ಏನು ಹೇಳುತ್ತಾಳೆಂದು ಎಕ್ಸ್‌ಚೇಂಜಮ್ಮ ಉಸಿರು ಬಿಗಿಹಿಡಿದು ಕಾದಳು. ಸೊಸೆ ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದಳು. ಒಂದು ಕೋಣೆ! ಅವಳದೇ ಆದ, ಯಂತ್ರ ಮೇಜು ಬಟ್ಟೆ ಎಲ್ಲ ಹರವಿ ಬಿಡಬಹುದಾದ ಕೋಣೆ... ಯಾರು ಬೇಡವೆಂದಾರು? ಹೆಣ್ಣೊಬ್ಬಳ ಮೂಲೆಯನ್ನು ಕಿತ್ತು ಇನ್ನೊಬ್ಬ ಹೆಣ್ಣಿಗೆ ಕೊಡುವಷ್ಟು ಇಕ್ಕಟ್ಟಾಗಿಯೇ ಮನೆಗಳನ್ನು ಕಟ್ಟುತ್ತಾರೆ; ಆಮೇಲೆ ಅತ್ತೆ ಸೊಸೆಯರಿಗೆ ಆಗಿಬರುವುದಿಲ್ಲ ಎಂದು ನಗುತ್ತಾರೆ.

ಅದಾದ ಮೂರ್ನಾಲ್ಕು ದಿನಕ್ಕೆ, ಮಧ್ಯಾಹ್ನ, ಸೊಸೆ ಟೀ ತಂದು ಕೋಣೆಯೊಳಗೆ ನಿಂತಳು. ಲೋಟ ಕೊಟ್ಟು ಹೋಗಬೇಕಾದವಳು ಹೋಗದೆ, ಮೊಣಕಾಲೂರಿ, ಮಂಚದ ಕೆಳಗೆ ಕೈ ಹಾಕಿ, ಅಂದು ಬಿದ್ದ ದಾರದ ಉಂಡೆಯನ್ನು ಎಳೆದುಕೊಂಡಳು. ಧೂಳು ಕೊಡವುತ್ತಾ ಅಲ್ಲೇ ನೆಲದ ಮೇಲೆ ಕುಳಿತಳು.

"ಅವತ್ತು ಮೊದಲ ಭಾಗ ಅಂದ್ರಲ್ಲ ಅತ್ತೆ. ಎರಡನೇದು ಏನು?"

"ಅದು ಉಪಕಾರ. ಆ ದಿನ ಆದ ಒಳ್ಳೇದನ್ನೆಲ್ಲ ಹೆಸರು ಹಿಡಿದು ಹೇಳ್ತೀನಿ."

"ಅದರಲ್ಲಿ ನನ್ನ ಹೆಸರು ಬರುತ್ತಾ?"

ಎಕ್ಸ್‌ಚೇಂಜಮ್ಮ ಟೀ ಊದಿದಳು. ಹೇಳಿಬಿಡಬಹುದಿತ್ತು. ಒಂದು ಮಾತಿನಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ಚಳಿಗೆ ತನ್ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುವ ಆ ಒರಟು ಬೆರಳುಗಳ ಬಗ್ಗೆ, ಗುಂಡಿ ಹಾಕಲಾಗದೆ ಒದ್ದಾಡುತ್ತಿದ್ದುದನ್ನು ಕಂಡು ಏನೂ ಕೇಳದೆ ರವಿಕೆಗೆಲ್ಲ ಕೊಕ್ಕೆ ಹೊಲಿದಿಟ್ಟದ್ದರ ಬಗ್ಗೆ ಅವಳು ದೇವರಿಗೆ ಎಷ್ಟು ಸಲ ಹೇಳಿರಲಿಲ್ಲ? ಆದರೂ ಲೋಟವನ್ನು ಕೆಳಗಿಟ್ಟಳು.

"ಅದನ್ನ ನಿನಗೆ ಹೇಳೋಕಾಗಲ್ಲಮ್ಮ."

"ಯಾಕೆ?"

"ಕೇಳೋರು ಎದುರಿಗಿದ್ರೆ ದೂರು ಬೈಗುಳ ಆಗುತ್ತೆ, ಉಪಕಾರ ಬೆಣ್ಣೆ ಹಚ್ಚೋದಾಗುತ್ತೆ. ಎರಡೂ ಕೆಟ್ಟುಹೋಗುತ್ತೆ. ನೀನು ಇವತ್ತು ಕೇಳಿದೆ ಅಂತ ಹೇಳಿದ್ರೆ, ನಾಳೆಯಿಂದ ನೀನು ಎಣ್ಣೆ... ನೀನು ಏನು ಮಾಡಿದ್ರೂ ಇವಳು ಹೇಳ್ತಾಳಾ ಅಂತ ನೋಡ್ತಿರ್ತೀಯ. ನಾನೂ ನೀನು ಕೇಳಿಸ್ಕೊಂಡ್ಯಾ ಅಂತ ನೋಡ್ತಿರ್ತೀನಿ. ಎಕ್ಸ್‌ಚೇಂಜಲ್ಲಿ ನಮಗೆ ಅದಕ್ಕೇ ಹೇಳ್ತಿದ್ರು, ಜೋಡಿಸಿದ ಮೇಲೆ ಕಿವಿ ತೆಗೀರಿ ಅಂತ."

ಸೊಸೆ ದಾರವನ್ನು ಬಿಗಿಯಾಗಿ ಸುತ್ತಿದಳು. "ಮತ್ತೆ ಮಾತು ಮುಗೀತು ಅಂತ ನಿಮಗೆ ಹೆಂಗೆ ಗೊತ್ತಾಗ್ತಿತ್ತು?"

"ಮುಗಿದಾಗ ಒಂದು ದೀಪ ಹತ್ತೋದು. ಅಲ್ಲೀವರೆಗೂ ನೆಮ್ಮದಿ, ಇಬ್ಬರೂ ಬದುಕಿದಾರೆ ಅಂತ."

ಸೊಸೆ ಮೊದಲ ಸಲ ನಕ್ಕಳು. ಎದ್ದು ಹೋಗುವಾಗ ಮಂಚದ ಮೇಲೆ ಅತ್ತೆ ಮಡಿಸಿಟ್ಟಿದ್ದ ಸೀರೆಯತ್ತ ಅಭ್ಯಾಸದಂತೆ ಅವಳ ಕೈ ಹೋಯಿತು. ಅರ್ಧದಲ್ಲಿ ನಿಂತು, ಹಿಂದೆ ಬಂತು.

ಭಾನುವಾರ ಬೆಳಿಗ್ಗೆ ಎಕ್ಸ್‌ಚೇಂಜಮ್ಮ ಸ್ನಾನ ಮುಗಿಸಿ, ಮೈ ಒರೆಸಿಕೊಂಡು, ಇನ್ನು ಮಂಚ ಹೊರಡುವ ಹೊತ್ತಾಯಿತು ಎಂದು ಮನಸ್ಸು ಗಟ್ಟಿಮಾಡಿಕೊಂಡು ಬಂದರೆ, ನಡುಮನೆಯಲ್ಲಿ ಮರದ ಸ್ಟ್ಯಾಂಡುಗಳೆರಡು ಬೋಳಾಗಿ ನಿಂತಿದ್ದವು. ಹಸಿರು ಬಟ್ಟೆ ಮತ್ತೆ ನೆಲದ ಮೇಲೆ ಹರಡಿಕೊಂಡಿತ್ತು. ಮಗ ತಿರುಪುಳಿ ಹಿಡಿದು ಬೆವರು ಸುರಿಸುತ್ತಾ ಕೋಣೆಯ ಚೌಕಟ್ಟಿನ ಬಳಿ ಕುಕ್ಕರಗಾಲಲ್ಲಿ ಕುಳಿತಿದ್ದ. ಬಾಗಿಲಿನ ಭಾರವನ್ನು ಸೊಸೆ ಬೆನ್ನು ಕೊಟ್ಟು ತಡೆದಿದ್ದಳು.

"ಬಸ್ಸಿನ ಬಾಗಿಲು ಸ್ವಿಚ್ ಒತ್ತಿದ್ರೆ ಸಾಕು," ಎಂದು ಮಗ ಗೊಣಗಿದ. "ಇದಕ್ಕೆ ಹೆಂಡತಿ ಬೇಕು."

"ಮಾತು ಕಮ್ಮಿ ಮಾಡಿ ತಿರುಪು ಹಾಕಿ," ಎಂದಳು ಸೊಸೆ.

ಎಕ್ಸ್‌ಚೇಂಜಮ್ಮ ಬಾಗಿಲಿನ ಮೇಲೆ ಕೈಯಿಟ್ಟಳು. ಕತ್ತರಿಯ ಗೀರುಗಳು, ಸೀಮೆಸುಣ್ಣದ ಗೆರೆಗಳು... "ನಿನ್ನ ಮೇಜು?"

"ನೆಲ ಎಲ್ಲಿಗೂ ಓಡಿಹೋಗಿಲ್ಲ ಅತ್ತೆ."

"ನಿನ್ನ ಸೊಂಟ?"

"ಅದರ ದೂರು ನನಗಿರಲಿ. ನಾನೂ ಯಾರಿಗಾದ್ರೂ ಹೇಳ್ಕೋತೀನಿ." ಸೊಸೆ ಬೆನ್ನು ನೆಟ್ಟಗೆ ಮಾಡಿದಳು. "ಚಿಲಕ ತೆಗೆದಿದೀನಿ. ಕುರ್ಚಿ ಅಡ್ಡ ಇಡಬಾರ್ದು, ಮಾತು ಕೊಡಿ. ಬಿಸ್ಕತ್ತಿನ ಡಬ್ಬಿ ಕೆಳಗಿನ ಖಾನೆಗೆ ಇಳಿಸಿದೀನಿ. ನನ್ನ ಮಿಷನ್ನು ಬಾಗಿಲ ಪಕ್ಕಕ್ಕೇ ಬರುತ್ತೆ. ನಿಮ್ಮ ದನಿ ಬರ್ತಾ ಇದ್ರೆ ಸಾಕು ನನಗೆ. ಮಾತು ಬೇಡ, ದನಿ. ದನಿ ನಿಂತು ನೀವು ಹೊರಗೂ ಬರಲಿಲ್ಲ ಅಂದ್ರೆ, ದೀಪ ಹತ್ತಿತು ಅಂದ್ಕೊಂಡು ಒಳಗೆ ಬರ್ತೀನಿ."

ಡಬ್ಬಿಯ ಗುಟ್ಟು ಇವಳಿಗೆ ಯಾವಾಗಿನಿಂದ ಗೊತ್ತಿತ್ತೋ! ಎಕ್ಸ್‌ಚೇಂಜಮ್ಮ ಏನೋ ಹೇಳಲು ಹೋಗಿ ಕೋಣೆಯ ಕಡೆ ತಿರುಗಿದಳು. ಅದನ್ನು ಕೇಳಬೇಕಾದವನು ಬೇರೆಯೇ ಇದ್ದಾನೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರ ಮರವನ್ನು ಮುಟ್ಟಿದ ಆ ಮೆತ್ತನೆಯ ಸದ್ದು... ಆ ಸದ್ದಿಗೇ ಅವಳ ಕಣ್ಣು ತುಂಬಿಬಂತು. ಕುರ್ಚಿಯಲ್ಲಿ ಕುಳಿತು, ಸೆರಗಿನಿಂದ ಮುಖ ಒತ್ತಿಕೊಂಡು, ಗಂಟಲು ಸರಿಮಾಡಿಕೊಂಡಳು.

"ಇದ್ದೀಯಾ? ಇರ್ತೀಯ ಬಿಡು, ಎಲ್ಲಿಗೆ ಹೋಗ್ತೀಯ. ಬಾಕಿ ತುಂಬ ಇದೆ, ಕೂತ್ಕೊಂಡು ಕೇಳು."

ಮಂಡಿಯಿಂದಲೇ ಹಿಡಿದಳು. ಬಾಗಿಲು ಕಿತ್ತ ಬಡಗಿ, ಕೂಗಿ ಮಾತಾಡುವ ಹೆಂಗಸರು, ತಲೆಯ ಮೇಲಿದ್ದೂ ಸಿಗದ ಕನ್ನಡಕ, ಉಪ್ಪು, ಮಡಿಸಿದ ಬಟ್ಟೆ, ಎಲ್ಲವನ್ನೂ ಎಳೆದೆಳೆದು ಅವನ ಮುಂದೆ ಹಾಕಿದಳು. ಮಗಳ ಸರದಿ ಬಂದಾಗ ದನಿ ಇನ್ನಷ್ಟು ಏರಿತು. "ಹೆತ್ತ ತಾಯಿಗೆ ಇವತ್ತು ಯಾವ ವಾರ ಅಂತ ಕೇಳ್ತಾಳೆ. ಅವಳಿಗೆ ವಾರದ ಹೆಸರು ಹೇಳಿಕೊಟ್ಟೋರು ಯಾರು?" ಹೊರಗೆ ಹೊಲಿಗೆ ಯಂತ್ರ ಗಡಗಡನೆ ಓಡುತ್ತಿತ್ತು, ಅವಳ ದನಿ ಏರಿದಾಗಲೆಲ್ಲ ಅದೂ ಬೇಕೆಂದೇ ಜೋರಾಗುತ್ತಿತ್ತು, ಪದಗಳು ತನಗೆ ಕೇಳಬಾರದೆಂಬಂತೆ.

ಬೀದಿ ಬಾಗಿಲು ತೆರೆದ ಸದ್ದಾಯಿತು. ಯಂತ್ರ ನಿಂತಿತು.

"ಇದೇನಿದು?" ಮಗಳ ದನಿ. "ಬಾಗಿಲು ಯಾಕೆ ಹಾಕಿದೀರಿ ಮತ್ತೆ? ಇವತ್ತು ಮಂಚ ಹೊರಗೆ ಹಾಕಬೇಕು ಅಂತ ಹೇಳಿದ್ನಲ್ಲ. ಬಿಚ್ಚು ಅದನ್ನ."

ಮಗ ತಿರುಪುಳಿಯನ್ನು ಜೇಬಿಗೆ ಹಾಕಿಕೊಂಡು ಅಡುಗೆಮನೆಯ ಕಡೆ ಸರಿದಿರಬೇಕು; ಅವನ ಸದ್ದೇ ಇಲ್ಲ. ಉತ್ತರ ಕೊಟ್ಟದ್ದು ಸೊಸೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದ ಹಾಗಿತ್ತು.

"ಬಿಚ್ಚಲ್ಲ ಅಕ್ಕ."

"ಏನಂದೆ?"

"ನಿಮ್ಮ ವಾರ್ಡಿಗೆ ಇಷ್ಟೊಂದು ಪರದೆ ಹೊಲೀತಿದೀನಿ. ಮಂಚದ ಸುತ್ತ ಅವು ಯಾಕೆ ಬೇಕು ಅಂತ ನೀವೇ ನನಗೆ ಹೇಳಿದ್ರಿ. ಸಾಯೋ ಸ್ಥಿತಿಯಲ್ಲಿದ್ರೂ ಮನುಷ್ಯರಿಗೆ ಒಂದು ಮರೆ ಬೇಕು ಅಂತ. ಅತ್ತೆ ಬದುಕಿದಾರೆ."

"ಬಿದ್ರೆ? ಒಳಗೆ ಬಿದ್ರೆ ನೀನು ಹೊಣೆನಾ?"

"ನಾನೇ ಹೊಣೆ. ಇಲ್ಲೇ ಕೂತಿದೀನಲ್ಲ. ನಿಮಗೆ ಬೇಜಾರಾದ್ರೆ ಪರದೆ ಕೆಲಸ ಬೇರೆಯವರಿಗೆ ಕೊಡಿ. ಬಾಗಿಲು ಮಾತ್ರ ಬಿಚ್ಚಲ್ಲ."

ಮಗಳ ಹೆಜ್ಜೆಗಳು ದಡದಡನೆ ಬಂದು ಬಾಗಿಲ ಆಚೆ ನಿಂತವು. ಚಿಲಕವಿಲ್ಲದ ಬಾಗಿಲು. ತಳ್ಳಲು ಒಂದು ಬೆರಳು ಸಾಕು. ಎಕ್ಸ್‌ಚೇಂಜಮ್ಮ ಕುರ್ಚಿಯ ಕೈ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾ ಕುಳಿತಳು. ಮರದ ಆಚೆ, ಏದುಸಿರು ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಇವಳು ಕೆಟ್ಟ ಕನಸು ಕಂಡು ಓಡಿಬಂದು, ತಾಯಿ ತಂದೆಯ ಬಾಗಿಲ ಹೊರಗೆ ಹೀಗೇ ಉಸಿರು ಬಿಡುತ್ತಾ ನಿಂತಿರುತ್ತಿದ್ದಳು, ಕರೆಯದೆ ಒಳಗೆ ಬರುತ್ತಿರಲಿಲ್ಲ... ಬಾಗಿಲು ಅಲುಗಲಿಲ್ಲ.

ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ ಸದ್ದು.

"ಅಮ್ಮಾ." ದನಿಯಲ್ಲಿ ವಾರ್ಡು ಇರಲಿಲ್ಲ. "ಅಮ್ಮಾ, ಬಾಗಿಲು ತೆಗಿ."

ಎಕ್ಸ್‌ಚೇಂಜಮ್ಮ ದೀರ್ಘವಾಗಿ ಉಸಿರು ಬಿಟ್ಟಳು. ಹೊಟ್ಟೆಯಲ್ಲಿದ್ದ ದೂರೆಲ್ಲ ಖಾಲಿಯಾಗಿತ್ತು. ಬಿಸಿಲು ಆಗಷ್ಟೇ ಕಿಟಕಿ ದಾಟಿ ಮಂಚದ ಅಂಚಿಗೆ ಬಂದಿತ್ತು.

"ತೆಗೆಯಲ್ಲ ಕಣೇ," ಎಂದಳು. "ದೂರೆಲ್ಲ ಮುಗೀತು. ಇನ್ನು ಉಪಕಾರ ಹೇಳೋದು. ಮೊದಲನೇದು ನಿಂದೇ. ನೀನು ಕೇಳಿಸ್ಕೋಬಾರ್ದು, ಆ ಕಡೆ ಹೋಗಿ ಕೂತ್ಕೋ."